ತುಟಿ ಕೂಡುವ ಮಾತು

ಜೂನ್ ೧೨

ಮರಿ,

ಎಡಗೈ ತೋರುಬೆರಳು ಒಂದನ್ನು ಬಿಟ್ಟರೆ ನಾನು ಗಟ್ಟಿಯಾಗಿದ್ದೇನೆ. ಆ ಬೆರಳಿಗೆ ನಿನ್ನೆ ಸಂಜೆ ಹೊಲಿಗೆ ಯಂತ್ರದ ಸೂಜಿ ಇಳಿಯಿತು. ತಲೆ ಹಣ್ಣಾಗುವವರೆಗೆ ಹೊಲಿದವಳಿಗೆ ಈಗ ಸೂಜಿ ಚುಚ್ಚಿತು ಎಂದರೆ ಬೀದಿಯವರು ಆಡಿಕೊಂಡು ನಗುತ್ತಾರೆಂದು ಯಾರಿಗೂ ಹೇಳಿಲ್ಲ. ನಿನಗೆ ಹೇಳುತ್ತಿದ್ದೇನೆ, ಯಾಕೆಂದರೆ ಚುಚ್ಚಿಸಿದವನೇ ನೀನು.

ಪಕ್ಕದ ಮನೆಗೆ ನಿವೃತ್ತ ನರ್ಸಮ್ಮ ಒಬ್ಬರು ಬಂದಿದ್ದಾರೆ, ಒಂಟಿ ಜೀವ ಎಂದು ಹಿಂದೆ ಬರೆದಿದ್ದೆನಲ್ಲ. ಅವರಿಗೆ ಕಿವಿ ಮುಕ್ಕಾಲು ಪಾಲು ಹೋಗಿದೆ. ಹಾಗಾಗಿ ಅವರ ಟಿವಿ ಅವರೊಬ್ಬರದಲ್ಲ, ಇಡೀ ಸಾಲಿನದು. ನಮಗೂ ಅವರಿಗೂ ನಡುವೆ ಒಂದೇ ಗೋಡೆ. ನಿನ್ನೆ ನಾನು ಶಾಲೆ ಮಕ್ಕಳ ಅಂಗಿಗೆ ಕಾಲರ್ ಕೂರಿಸುತ್ತಿದ್ದೆ. ದಾರ ಕಡಿದು ಯಂತ್ರ ನಿಲ್ಲಿಸಿದ ಹೊತ್ತಿಗೆ ಗೋಡೆಯಾಚೆಯಿಂದ ನಿಮ್ಮಪ್ಪ ಮಾತಾಡಿದರು.

"ನನ್ನನ್ನ ಯಾರು ಕೊಂದರು ಅನ್ನೋದು ಬಿಡು. ನಿನ್ನನ್ನ ಯಾರು ಕೊಂದರು, ಅದನ್ನ ಹೇಳು."

ಅದೇ ಗಂಟಲು. ಅದೇ ತಗ್ಗು ದನಿ. ನನಗರಿವಿಲ್ಲದೆ ಕಾಲು ಪೆಡಲ್ ಒತ್ತಿತು, ಸೂಜಿ ಬೆರಳಿಗೆ ಇಳಿಯಿತು. ಬರಿಗಾಲಲ್ಲಿ ಪಕ್ಕದ ಮನೆಗೆ ಓಡಿದೆ. ನರ್ಸಮ್ಮ ನನ್ನ ಕೈ ನೋಡಿ ಹತ್ತಿ ಹುಡುಕಲು ಎದ್ದರು, ನಾನು ಟಿವಿಯನ್ನೇ ನೋಡುತ್ತ ನಿಂತೆ. ಪೊಲೀಸ್ ಬಟ್ಟೆ ತೊಟ್ಟ, ನೀಳ ಮೂಗಿನ ಯಾವನೋ ಒಬ್ಬ ಬಾಯಿ ತೆರೆದರೆ ನಿಮ್ಮಪ್ಪನ ದನಿ ಬರುತ್ತಿತ್ತು. ಅದು ನೀನು ಎಂದು ಹೊಳೆಯುವಷ್ಟರಲ್ಲಿ ನರ್ಸಮ್ಮ ಪಟ್ಟಿ ಕಟ್ಟಿ ಮುಗಿಸಿದ್ದರು.

ಟೂತ್‌ಪೇಸ್ಟಿಗೆ, ಕಾರ್ಟೂನಿನ ಕರಡಿಗೆ, ಮಾತಾಡುವ ಬಸ್ಸಿಗೆ ದನಿ ಕೊಡುತ್ತೇನೆ ಎಂದು ನೀನು ಬರೆಯುತ್ತಿದ್ದೆ. ಸತ್ತವರಿಗೂ ಕೊಡುತ್ತೇನೆ ಎಂದು ಒಂದು ಸಾಲು ಬರೆಯಲು ಏನು ಧಾಡಿಯಾಗಿತ್ತು? ಇದು ವಾರದಲ್ಲಿ ಯಾವ ದಿನ, ಎಷ್ಟು ಹೊತ್ತಿಗೆ ಬರುತ್ತದೆ ಎಂದು ತಿಳಿಸು. ಆ ಹೊತ್ತಿಗೆ ನಾನು ಬೇರೆಲ್ಲಾದರೂ ಹೋಗಿ ಕೂರುತ್ತೇನೆ.

ಬೆರಳು ಊದಿಸಿಕೊಂಡು ಕೂತಿರುವ,
ನಿನ್ನ ಅಮ್ಮ


ಜೂನ್ ೧೫

ಅಮ್ಮ,

ಬೆರಳು ಹೇಗಿದೆ? ಇಂಜೆಕ್ಷನ್ ಹಾಕಿಸಿಕೊಂಡೆಯಾ? ನರ್ಸಮ್ಮ ಗೋಡೆಯಾಚೆಯೇ ಇದ್ದಾರೆ, ಸಬೂಬು ಹೇಳಬೇಡ.

ಫೋನ್ ಕೈಗೆತ್ತಿಕೊಂಡು ಮತ್ತೆ ಇಟ್ಟೆ. ನಾನು "ಅಮ್ಮ" ಎನ್ನುವಷ್ಟರಲ್ಲಿ ನೀನು ಇಟ್ಟುಬಿಡುತ್ತೀಯ ಎಂದು ಗೊತ್ತು. ನನ್ನ ದನಿ ಒಡೆದು, ತೀರಿಹೋದ ಅಪ್ಪನ ದನಿಯೇ ಆದ ವರ್ಷ ಬಚ್ಚಲಿನಿಂದ "ಟವೆಲ್ ಕೊಡು" ಎಂದು ಕೂಗಿದ್ದೆ, ನೆನಪಿದೆಯಾ? ನೀನು ಓಡಿ ಬಂದೆ. ಬಾಗಿಲು ತೆರೆದರೆ ನಾನು ನಿಂತಿದ್ದೆ. ಆಗ ನಿನ್ನ ಮುಖ ಹೇಗಾಯಿತು ಎಂಬುದು ಇವತ್ತಿಗೂ ಕಣ್ಣಿಗೆ ಕಟ್ಟಿದೆ. "ಮನೇಲಿ ಮಾತಾಡ್ಬೇಡ ಮರಿ, ನನ್ನ ಕೈಲಿ ಆಗಲ್ಲ" ಅಂದೆ. ಅವತ್ತಿನಿಂದ ಊರು ಬಿಡುವವರೆಗೆ ನಾನು ಸ್ಲೇಟು ಹಿಡಿದೆ. ಸಾರಿಗೆ ಉಪ್ಪು ಕಡಿಮೆ ಎಂದು ಬಳಪದಲ್ಲಿ ಬರೆದು ತೋರಿಸಿದ ಮಗ ಜಗತ್ತಿನಲ್ಲಿ ನಾನೊಬ್ಬನೇ ಇರಬೇಕು. ನಿನ್ನ ಮೇಲೆ ಸಿಟ್ಟಿಲ್ಲ. ಬೇಜಾರಿದೆ, ಅಷ್ಟೇ.

ಈಗ ಧಾರಾವಾಹಿಯ ಸಂಗತಿ. ಹೆಸರು "ಆಚೆ ಠಾಣೆ". ಬೇರೆ ಭಾಷೆಯಲ್ಲಿ ತೆಗೆದದ್ದು, ನಾವು ಕನ್ನಡದ ಮಾತು ಕೂರಿಸುತ್ತೇವೆ. ಕೆಲಸದ ಮೇಲಿದ್ದಾಗಲೇ ಕೊಲೆಯಾದ ಒಬ್ಬ ಇನ್‌ಸ್ಪೆಕ್ಟರ್ ಸತ್ತ ಮೇಲೆ ಕಣ್ಣು ಬಿಟ್ಟರೆ ಅಲ್ಲೂ ಒಂದು ಪೊಲೀಸ್ ಠಾಣೆ. ನ್ಯಾಯ ಸಿಗದೆ ಸತ್ತವರೆಲ್ಲ ಅಲ್ಲಿ ಸಾಲಾಗಿ ಕೂತಿರುತ್ತಾರೆ. ಇವನು ವಾರಕ್ಕೊಬ್ಬರ ದೂರು ಬರೆದುಕೊಂಡು ಭೂಮಿಗೆ ಬಂದು ಅಪರಾಧಿಯನ್ನು ಹುಡುಕುತ್ತಾನೆ. ಒಂದೇ ಷರತ್ತು. ಅವನ ಮಾತು ಊರಿಗೆಲ್ಲ ಕೇಳಿಸುತ್ತದೆ, ಅವನ ಮನೆಯವರಿಗೆ ಮಾತ್ರ ಕೇಳಿಸುವುದಿಲ್ಲ.

ಈ ಪಾತ್ರಕ್ಕೆ ಹತ್ತಾರು ದನಿ ಪರೀಕ್ಷೆ ಮಾಡಿದರಂತೆ. ನನ್ನದನ್ನು ಕೇಳಿ "ಇದು ಸತ್ತವನ ಗಂಟಲು" ಎಂದರು. ನನಗೆ ನಗು ಬಂತು, ಅದು ನಿಜವೇ ಆಗಿತ್ತಲ್ಲ. ನಿನ್ನ ಮನೆಯಲ್ಲಿ ಟಿವಿ ಇಲ್ಲ, ನಿನಗೆ ಗೊತ್ತಾಗುವುದಿಲ್ಲ ಎಂದುಕೊಂಡೆ. ನರ್ಸಮ್ಮನ ಕಿವಿಯನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಬರುವುದು ಬುಧವಾರ ಸಂಜೆ ಆರೂವರೆಗೆ. ನೀನು ಬಿಡು ಎಂದರೆ ಬಿಡುತ್ತೇನೆ. ಇದು ಹೋದರೆ ಮತ್ತೆ ಕರಡಿಯೇ ಗತಿ, ಆದರೆ ಪರವಾಗಿಲ್ಲ.

ಇಲ್ಲಿ ಎಲ್ಲರ ಬಾಯಲ್ಲೂ "ಗುಡುಗಪ್ಪ" ಆಗಿರುವ,
ನಿನ್ನ ಮಗ


ಜುಲೈ ೩

ಮರಿ,

ಇಂಜೆಕ್ಷನ್ ಆಯಿತು, ಊತ ಇಳಿಯಿತು. ಬಿಡು ಎಂದು ನಾನು ಹೇಳುವುದಿಲ್ಲ. ಕರಡಿಯಾಗಿದ್ದು ಸಾಕು.

ಮೊದಲ ಬುಧವಾರ ಆರೂವರೆಗೆ ಗುಂಡಿ ತರುವ ನೆಪದಲ್ಲಿ ಪೇಟೆಗೆ ಹೋದೆ. ಒಂದು ಡಜನ್ ಗುಂಡಿ ಆರಿಸಲು ಮುಕ್ಕಾಲು ಗಂಟೆ ತೆಗೆದುಕೊಂಡೆ, ಅಂಗಡಿಯವನು ನನ್ನನ್ನು ಅನುಮಾನದಿಂದ ನೋಡಿದ. ಎರಡನೆಯ ಬುಧವಾರ ಬೀದಿ ಕೊನೆಯವರೆಗೆ ಹೋಗಿ ವಾಪಸ್ ಬಂದೆ. ನಿನ್ನೆ ನೆಟ್ಟಗೆ ನರ್ಸಮ್ಮನ ಮನೆಗೇ ಹೋಗಿ ಕೂತೆ. ಬೆಳಿಗ್ಗೆಯಿಂದ ಒಂದು ಕೆಲಸವೂ ಕೈಗೆ ಹತ್ತಿರಲಿಲ್ಲ. ಬಲಗೈ ತೋಳನ್ನು ಎಡಕ್ಕೆ ಹೊಲಿದು, ಬಿಚ್ಚಿ, ಮತ್ತೆ ಎಡಕ್ಕೇ ಹೊಲಿದಿದ್ದೆ.

ಅದು ನನ್ನ ಮಗನ ದನಿ ಎಂದು ನರ್ಸಮ್ಮನಿಗೆ ಹೇಳಿಲ್ಲ. ನಿಮ್ಮಪ್ಪನ ವಿಷಯವೂ ಅವರಿಗೆ ಗೊತ್ತಿಲ್ಲ, ಹೊಸಬರಲ್ಲವೇ. ನೋಡುತ್ತ ನೋಡುತ್ತ ಅವರು ಕಿಸಕ್ಕನೆ ನಕ್ಕರು. ಯಾಕೆಂದು ಕೇಳಿದರೆ, "ಇವನ ಬಾಯಿ ಒಂದು ಹೇಳುತ್ತೆ, ಗಂಟಲು ಇನ್ನೊಂದು ಹೇಳುತ್ತೆ" ಎಂದರು. ಕಿವಿ ಹೋದ ಮೇಲೆ ಅವರು ಎದುರಿನವರ ತುಟಿ ನೋಡಿಯೇ ಮಾತು ತಿಳಿಯುತ್ತಾರಂತೆ. ನಾನು ಬೆನ್ನು ತಿರುಗಿಸಿ ಬೈದರೆ ಮಾತ್ರ ಬಚಾವು.

ನೀನು ಟಿವಿಯ ಆ ಉದ್ದ ಮೂಗಪ್ಪನ ಬಾಯಿಗೆ ನಿನ್ನ ಮಾತನ್ನು ಹೇಗೆ ಕೂರಿಸುತ್ತೀಯ? ಅಳತೆ ಏನು? ಬಟ್ಟೆಗಾದರೆ ಟೇಪು ಇದೆ.

ತೋಳನ್ನು ಮೂರನೇ ಸಲ ಬಿಚ್ಚುತ್ತಿರುವ,
ನಿನ್ನ ಅಮ್ಮ


ಜುಲೈ ೧೦

ಅಮ್ಮ,

ನಮ್ಮದೂ ದರ್ಜಿ ಕೆಲಸವೇ. ಬೇರೆಯವನ ಅಳತೆಗೆ ತೆಗೆದ ಅಂಗಿಯನ್ನು ಬಿಚ್ಚಿ ಇನ್ನೊಬ್ಬನಿಗೆ ಕೂರಿಸುವುದು.

ಚಿಕ್ಕ ಕೋಣೆ, ಗೋಡೆಗೆಲ್ಲ ದಪ್ಪ ಬಟ್ಟೆ, ಒಂದು ಮೈಕು, ಎದುರಿಗೆ ಪರದೆ. ಗಾಜಿನಾಚೆ ಸೌಂಡಿನವನು, ಅವನ ಪಕ್ಕ ಮಾತು ಬರೆಯುವ ಮೇಷ್ಟ್ರು. ಪರದೆಯ ಮೇಲಿನವನು ಬಾಯಿ ತೆರೆದಾಗ ನಾನು ಶುರು ಮಾಡಬೇಕು, ಮುಚ್ಚಿದಾಗ ನಿಲ್ಲಿಸಬೇಕು. ನಡುವೆ ಅವನು ಏನಂದ ಎನ್ನುವುದನ್ನು ಯಾರೂ ಅಷ್ಟಾಗಿ ನೋಡುವುದಿಲ್ಲ. ಆದರೆ ಮೂರು ಅಕ್ಷರ ಮಾತ್ರ ಪ್ರಾಣ ತೆಗೆಯುತ್ತವೆ: ಪ, ಬ, ಮ. ಇವನ್ನು ತುಟಿ ಕೂಡದೆ ಹೇಳಲು ಆಗುವುದಿಲ್ಲ. ಬೇಕಾದರೆ ಕನ್ನಡಿ ಮುಂದೆ ನಿಂತು "ಅಮ್ಮ" ಎಂದು ನೋಡು. ಪರದೆಯ ಮೇಲೆ ತುಟಿ ಕೂಡಿದಾಗ ನಾವು ಈ ಮೂರರಲ್ಲಿ ಒಂದನ್ನು ಹೇಳಲೇಬೇಕು. ಕೂಡದಿದ್ದಾಗ ಹೇಳಿದರೆ ನರ್ಸಮ್ಮನಂಥವರು ಕಿಸಕ್ಕನೆ ನಗುತ್ತಾರೆ.

ಇನ್ನೊಂದು ತಾಪತ್ರಯ. ಪ್ರತಿ ಮಾತಿಗೆ ಮುಂಚೆ ನಾನು ಸಣ್ಣದಾಗಿ ಉಸಿರು ಎಳೆದುಕೊಳ್ಳುತ್ತೇನಂತೆ. "ಲೋ ಗುಡುಗಪ್ಪ, ಸತ್ತವನು ಉಸಿರಾಡಬಾರದು ಕಣೋ" ಎಂದು ಸೌಂಡಿನವನು ಬೈಯುತ್ತ ಒಂದೊಂದನ್ನೂ ಕತ್ತರಿಸಿ ತೆಗೆಯುತ್ತಾನೆ. ಅವನ ಡಬ್ಬಿಯಲ್ಲಿ ನನ್ನ ಉಸಿರಿನ ಚೂರುಗಳೇ ತುಂಬಿರಬೇಕು.

ಜನ ಅಷ್ಟಾಗಿ ನೋಡುತ್ತಿಲ್ಲವಂತೆ. ಚಾನೆಲ್ಲಿನವರು ಮುಖ ಸೊಟ್ಟಗೆ ಮಾಡಿಕೊಂಡು ಓಡಾಡುತ್ತಿದ್ದಾರೆ. ನೋಡೋಣ.

ನಿನ್ನ ಮಗ


ಜುಲೈ ೧೭

ಮರಿ,

ನಿನ್ನ ಕಾಗದ ಬಂದಾಗಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಕನ್ನಡಿ ಮುಂದೆ ಹೋಗುತ್ತೇನೆ, ಬರುತ್ತೇನೆ. ನಿನ್ನನ್ನು ಒಂದು ಮಾತು ಕೇಳಬೇಕು. ನೀನು ಈ ಕೆಲಸ ಬಲ್ಲವನು, ನಿನ್ನನ್ನು ಬಿಟ್ಟು ಇನ್ಯಾರನ್ನು ಕೇಳಲಿ?

ನಿಮ್ಮಪ್ಪ ಹೋದ ದಿನ ನೀನು ಶಾಲೆಯಲ್ಲಿದ್ದೆ. ಮಧ್ಯಾಹ್ನ ಊಟ ಮುಗಿಸಿ ಗೋಡೌನಿನ ಕೆಲಸಕ್ಕೆ ಹೊರಟರು. ನಾನು ಯಂತ್ರದ ಮೇಲಿದ್ದೆ, ಸಂಜೆಯೊಳಗೆ ಬಟ್ಟೆ ಕೊಡಬೇಕಿತ್ತು. ಅವರು ಬಾಗಿಲಲ್ಲಿ ತಿರುಗಿ ನಿಂತು ಏನೋ ಹೇಳಿದರು. ಯಂತ್ರದ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ. ತುಟಿ ಆಡಿದ್ದು ಕಂಡಿತು, ಅಷ್ಟೇ. ದಿನಾ ಹೇಳುವ "ಬರ್ತೀನಿ" ಇರಬೇಕೆಂದು ತಲೆ ಆಡಿಸಿ ಹೊಲಿಗೆ ಮುಂದುವರಿಸಿದೆ. ಮರುದಿನ ಗೋಡೌನಿನ ಹಿಂದಿನ ಕಾಲುವೆಯಲ್ಲಿ ಸಿಕ್ಕರು.

ಬಿದ್ದರೋ, ಹಾರಿದರೋ, ತಳ್ಳಿದರೋ? ಮಾಲು ಹಿಂಬಾಗಿಲಿನಿಂದ ಹೊರಗೆ ಹೋಗುವುದನ್ನು ಅವರು ಕಂಡಿದ್ದರು, ಠಾಣೆಗೆ ಹೇಳುತ್ತೇನೆ ಎನ್ನುತ್ತಿದ್ದರು. ಆದರೆ ಠಾಣೆಯವರು ಬರೆದದ್ದು "ಹಾರಿದ" ಎಂದು. ಕಳ್ಳತನದ ಆರೋಪ ಅವರ ತಲೆಗೇ ಬಂತು, ಮುಖ ತೋರಿಸಲಾಗದೆ ಹಾರಿದರು ಎಂದು ಕಥೆ ಮುಗಿಸಿದರು.

ನಾನೂ ಅದನ್ನು ನಂಬಿಬಿಟ್ಟಿದ್ದೆ, ಮರಿ. ಯಾಕೆಂದರೆ ನನ್ನ ಕಣ್ಣಿಗೆ ಕಟ್ಟಿದ್ದು ಅವರ ತುಟಿ ಗುಂಡಗಾದದ್ದು. "ಹೋ" ಅನ್ನುವಾಗ ಆಗುತ್ತದಲ್ಲ, ಹಾಗೆ. ಯಾರಾದರೂ ಮನೆಯಿಂದ ಹೊರಡುವಾಗ "ಹೋಗ್ತೀನಿ" ಎನ್ನುತ್ತಾರೆಯೇ? ತಿರುಗಿ ಬರುವ ಮನಸ್ಸಿಲ್ಲದವರು ಮಾತ್ರ ಅಂದಾರು. ಇಷ್ಟು ವರ್ಷ ನಾನು ಈ ಒಂದು ಮಾತನ್ನು ನುಂಗಿಕೊಂಡೇ ಉಂಡೆ, ಮಲಗಿದೆ.

ಈಗ ನೀನು ಪ, ಬ, ಮ ಎಂದು ಬರೆದೆ. ಕಣ್ಣು ಮುಚ್ಚಿ ಮತ್ತೆ ಮತ್ತೆ ನೋಡಿದೆ. ಮೊದಲು ಅವರ ತುಟಿ ಕೂಡಿತ್ತು. ಖಂಡಿತ ಕೂಡಿತ್ತು. ಆಮೇಲೆ ಬಾಯಿ ಅಗಲವಾಗಿ ತೆರೆಯಿತು. ಗುಂಡಗಾದದ್ದು ಕೊನೆಯಲ್ಲಿ. ಇದು ಯಾವ ಮಾತು? ಹೇಳು.

ನಿನ್ನ ಅಮ್ಮ


ಜುಲೈ ೨೮

ಅಮ್ಮ,

ತಡವಾಯಿತು, ಕೆಲಸ ಜಾಸ್ತಿ. ಆಚೆ ಠಾಣೆಯನ್ನು ನಿಲ್ಲಿಸುತ್ತಾರಂತೆ. ವರ್ಷಪೂರ್ತಿ ಬರಬೇಕಿದ್ದದ್ದು ಹನ್ನೆರಡೇ ಕಂತಿಗೆ ಮುಗಿಯುತ್ತದೆ. ಆಗಸ್ಟ್ ೨೭ ಕಡೆಯದು. ಮೇಷ್ಟ್ರು ತಲೆ ಮೇಲೆ ಕೈ ಹೊತ್ತು ಕೂತಿದ್ದಾರೆ. ಇಲ್ಲಿ ಮಳೆ. ನರ್ಸಮ್ಮನಿಗೆ ನನ್ನ ನಮಸ್ಕಾರ.

ನಿನ್ನ ಮಗ


ಜುಲೈ ೩೧

ನಾನು ಕೇಳಿದ್ದು ಮಳೆಯ ವಿಷಯವಲ್ಲ.

ಅಮ್ಮ


ಆಗಸ್ಟ್ ೬

ಅಮ್ಮ,

ಉತ್ತರ ಗೊತ್ತಿಲ್ಲದ್ದಕ್ಕೆ ತಡ ಮಾಡಿದೆನೇ ಹೊರತು ನೀನು ಕೇಳಿದ್ದನ್ನು ಮರೆತು ಅಲ್ಲ. ನಿನ್ನ ಕಾಗದ ಜೇಬಿನಲ್ಲೇ ಓಡಾಡುತ್ತಿದೆ.

ತುಟಿ ನೋಡಿ ಮಾತು ಹೇಳಲು ಆಗುವುದಿಲ್ಲ. ಆಗುವಂತಿದ್ದರೆ ನನಗೆ ಕೆಲಸವೇ ಇರುತ್ತಿರಲಿಲ್ಲ. ಪರದೆಯವನು "ತಲೆ ಕತ್ತರಿಸ್ತೀನಿ" ಎಂದದ್ದಕ್ಕೆ ನಾವು "ಎಲ್ಲಾ ಹೇಳಿಸ್ತೀನಿ" ಎಂದು ಕೂರಿಸುತ್ತೇವೆ, ಯಾರಿಗೂ ತಿಳಿಯುವುದಿಲ್ಲ. ನೀನು ಹೇಳಿದ ತುಟಿಗೆ ನಾನು ಬೇಕಾದಷ್ಟು ಮಾತು ಕೂರಿಸಬಲ್ಲೆ. ಮೊದಲು ಕೂಡುವುದಕ್ಕೆ "ಬರ್ತೀನಿ" ಆಗುತ್ತದೆ. "ಬರಲ್ಲ" ಕೂಡ ಆಗುತ್ತದೆ, ಅಮ್ಮ. ಅದನ್ನು ಬರೆಯಬಾರದೆಂದೇ ಇಷ್ಟು ದಿನ ಸುಮ್ಮನಿದ್ದೆ.

ಇನ್ನೊಂದು ಮಾತು, ಬೇಸರ ಮಾಡಿಕೊಳ್ಳಬೇಡ. ಇಷ್ಟು ವರ್ಷ ನಿನ್ನ ನೆನಪಿನಲ್ಲಿ ಗುಂಡಗೆ ಇದ್ದ ತುಟಿ ನನ್ನ ಕಾಗದ ಓದಿದ ಮೇಲೆ ಕೂಡಿತು. ಕೂಡಿದ್ದು ಅಪ್ಪನ ತುಟಿಯೋ, ನಾನು ಬರೆದ ಮಾತೋ? ನಿನಗೆ ಸಮಾಧಾನವಾಗಲಿ ಎಂದು "ಬರ್ತೀನಿ ಅಂದಿದ್ದರು" ಎಂದು ಬರೆಯಬಹುದಿತ್ತು. ದಿನವಿಡೀ ಬೇರೆಯವರ ಬಾಯಿಗೆ ಇಲ್ಲದ ಮಾತು ತುರುಕುತ್ತೇನೆ. ಅಪ್ಪನ ಬಾಯಿಗೆ ತುರುಕಲು ನನಗೆ ಮನಸ್ಸಾಗಲಿಲ್ಲ.

ನಿನ್ನ ಮಗ


ಆಗಸ್ಟ್ ೧೪

ಮರಿ,

ನಿನ್ನ ಕಾಗದ ಓದಿ ನಿನ್ನನ್ನು ಬಾಯಿಗೆ ಬಂದಂತೆ ಬೈದೆ. ಅಮ್ಮನ ನೆನಪಿಗೇ ಹೊಲಿಗೆ ಬಿಚ್ಚಿ ನೋಡುವ ಮಗ ಎಂದೆ. ಆಮೇಲೆ, ನೀನು ಹೇಳಿದ್ದರಲ್ಲಿ ತಪ್ಪೇನಿದೆ ಎನ್ನಿಸಿ ಅದಕ್ಕೂ ಸಿಟ್ಟು ಬಂತು.

ನಿನ್ನೆ ಬುಧವಾರ. ಧಾರಾವಾಹಿಯ ನಡುವೆ ಜಾಹೀರಾತು ಬಂತು. ನಾನು ನರ್ಸಮ್ಮನ ಎದುರಿಗೆ ಹೋಗಿ ಕೂತೆ. "ದನಿ ಮಾಡದೆ ಒಂದು ಮಾತು ಹೇಳ್ತೀನಿ, ಏನು ಅಂತ ಹೇಳಿ ನೋಡೋಣ" ಎಂದೆ. ಆಟವೆಂದುಕೊಂಡು ಅವರು ಕನ್ನಡಕ ಒರೆಸಿಕೊಂಡರು. ನಾನು ನೆನಪಿನಲ್ಲಿ ಕಂಡದ್ದನ್ನು ಕಂಡ ಹಾಗೆ ಮಾಡಿ ತೋರಿಸಿದೆ. ತುಟಿ ಕೂಡಿಸಿದೆ, ಬಾಯಿ ಅಗಲಿಸಿದೆ, ಕೊನೆಗೆ ಗುಂಡಗೆ ಮಾಡಿದೆ. ನನ್ನ ಮನಸ್ಸಿನಲ್ಲಿ ಯಾವ ಮಾತೂ ಇರಲಿಲ್ಲ, ನಿನ್ನಾಣೆ.

ನರ್ಸಮ್ಮ ಕ್ಷಣವೂ ಯೋಚಿಸಲಿಲ್ಲ. ಬಾಗಿಲ ಕಡೆ ತಿರುಗಿ ನೋಡಿ, "ಹಾಕಿದೀನಲ್ಲ" ಎಂದರು.

"ಏನು ಹಾಕಿದೀರಿ?"

"ಬಾಗಿಲು ಹಾಕ್ಕೋ ಅಂದ್ರಲ್ಲ. ಹಾಕಿದೀನಿ, ನೋಡಿ."

ನಮ್ಮ ಮನೆ ಬಾಗಿಲು ಹಗಲು ಹೊತ್ತು ಯಾವತ್ತಾದರೂ ಹಾಕಿದ್ದುಂಟೇ? ಮುಂದಿನ ಕೋಣೆಯೇ ಅಂಗಡಿ, ಅಳತೆ ಕೊಡಲು ಜನ ಬರುತ್ತ ಹೋಗುತ್ತಿರುತ್ತಾರೆ. ಆ ಮಾತನ್ನು ಅವರು ಎಂದೂ ಹೇಳಿದವರಲ್ಲ. ಅದಕ್ಕೇ ಅದು ನನಗೆ ಹೊಳೆಯಲೇ ಇಲ್ಲ. ಅವತ್ತು ಹೇಳಿದ್ದರೆ ಯಾಕೆ ಹೇಳಿದರು? ಯಾರೋ ಮನೆಯವರೆಗೂ ಬಂದಾರು ಎಂಬ ಹೆದರಿಕೆ ಅವರಿಗಿತ್ತು. ಸಾಯಲು ಹೊರಟವರ ಚಿಂತೆ ಅಲ್ಲ ಇದು, ಮರಿ. ಹೆಂಡತಿ ಒಬ್ಬಳೇ ಇದ್ದಾಳೆ, ನಾನು ಬರುವವರೆಗೆ ಜೋಪಾನವಾಗಿರಲಿ ಎನ್ನುವವರ ಚಿಂತೆ.

ಇವತ್ತು ಬೆಳಿಗ್ಗೆ ಠಾಣೆಗೆ ಹೋದೆ. ನಿನ್ನ ಆಚೆ ಠಾಣೆಯಲ್ಲಿ ಸತ್ತವರಿಗೂ ಕೂರಲು ಬೆಂಚಿದೆ, ಇಲ್ಲಿ ಬದುಕಿರುವವಳನ್ನು ನಿಲ್ಲಿಸಿಯೇ ಮಾತಾಡಿಸಿದರು. ಹಳೆಯ ಕೇಸು, "ಹಾರಿದ" ಎಂದು ಬರೆದಿದೆ, ಅದನ್ನು ಹೊಡೆದುಹಾಕಬೇಕು ಎಂದೆ. ಇನ್‌ಸ್ಪೆಕ್ಟರ್ ಚಿಕ್ಕ ವಯಸ್ಸಿನವನು, ಒರಟನಲ್ಲ. ಸಾಕ್ಷಿ ಏನಿದೆ ಎಂದು ಕೇಳಿದ. ತುಟಿ ಎಂದೆ. ಅವನು ಪೆನ್ನಿನ ಮುಚ್ಚಳ ಹಾಕಿದ. ನೀರು ಕುಡಿದು ಹೋಗಿ ಎಂದ.

ನೀರು ಕುಡಿದೆ. ಹೊರಡುವ ಮೊದಲು ಅಲ್ಲಿದ್ದವರಿಗೆಲ್ಲ ಕೇಳುವ ಹಾಗೆ, "ಅವರು ಹಾರಿದವರಲ್ಲ" ಎಂದೆ. ಈ ಮಾತನ್ನು ನಾನು ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು. ಅವರು ಏನನ್ನೂ ಬರೆದುಕೊಳ್ಳಲಿಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತೆ.

ಇದೂ ನನ್ನ ನೆನಪಿನ ಆಟ ಎನ್ನುತ್ತೀಯಾ? ಅನ್ನು. ಆದರೆ ನರ್ಸಮ್ಮನ ಕಣ್ಣಿಗೆ ನೀನು ಕಾಗದ ಬರೆದಿರಲಿಲ್ಲವಲ್ಲ.

ನಿನ್ನ ಅಮ್ಮ


ಆಗಸ್ಟ್ ೨೧

ಅಮ್ಮ,

ನಾನು ಏನೂ ಅನ್ನುವುದಿಲ್ಲ. ನಿನ್ನ ಕಾಗದವನ್ನು ಮೈಕಿನ ಕೋಣೆಯಲ್ಲಿ ನಿಂತು ಓದಿದೆ. ಓದಿ ಮುಗಿಸಿದಾಗ ಸೌಂಡಿನವನು ಗಾಜಿನಾಚೆಯಿಂದ ಏನಾಯಿತೆಂದು ಕೈಯಲ್ಲೇ ಕೇಳಿದ. ಅವನಿಗೆ ಎಲ್ಲವನ್ನೂ ಹೇಳಿದೆ. ಅವನು ಅವತ್ತು ಒಂದು ಸಲವೂ ಗುಡುಗಪ್ಪ ಎನ್ನಲಿಲ್ಲ.

ಕಡೆಯ ಕಂತು ಮೊನ್ನೆ ಮುಗಿಸಿದೆವು. ಆಚೆ ಠಾಣೆ ಮುಚ್ಚುತ್ತದೆ. ಇನ್‌ಸ್ಪೆಕ್ಟರಿಗೆ ಭೂಮಿಯ ಮೇಲೆ ಒಂದು ಗಳಿಗೆ ಉಳಿದಿದೆ. ಅವನು ತನ್ನ ಮನೆಗೆ ಹೋಗುತ್ತಾನೆ. ಹೆಂಡತಿ ನಲ್ಲಿ ಬಿಟ್ಟುಕೊಂಡು ಪಾತ್ರೆ ತೊಳೆಯುತ್ತಿದ್ದಾಳೆ, ಅವಳಿಗೆ ಅವನು ಕಾಣುವುದೂ ಇಲ್ಲ, ಕೇಳಿಸುವುದೂ ಇಲ್ಲ. ಅವನು ಬಾಗಿಲಲ್ಲಿ ನಿಂತು ಒಂದು ಮಾತು ಹೇಳಿ ಹೊರಟುಹೋಗುತ್ತಾನೆ. ಮೇಷ್ಟ್ರು "ಹೋಗ್ತೀನಿ" ಎಂದು ಬರೆದಿದ್ದರು. ಪರದೆಯಲ್ಲಿ ನೋಡಿದರೆ ಮುಖ ದೊಡ್ಡದಾಗಿದೆ, ತುಟಿ ಮೊದಲು ಕೂಡುತ್ತದೆ. ಇದು ಕೂರುವುದಿಲ್ಲ ಸರ್ ಎಂದೆ. ಹಾಗಾದರೆ "ಬರ್ತೀನಿ" ಅನ್ನು ಎಂದರು. ಆ ಬಾಯಿಗೆ ಅದು ಚಿಕ್ಕದಾಯಿತು.

ನಾನು ಒಂದು ಮಾತು ಹೇಳಿ ತೋರಿಸಿದೆ. ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು. ಮೇಷ್ಟ್ರಿಗೆ ಒಪ್ಪಿಗೆಯಾಗಲಿಲ್ಲ. "ಸತ್ತವನು ಹೆಂಡತಿಗೆ ಹೇಳೋ ಕೊನೇ ಮಾತು ಇದೇನಯ್ಯಾ?" ಎಂದರು. "ಹೌದು ಸರ್, ಕೆಲವರು ಇದನ್ನೇ ಹೇಳ್ತಾರೆ" ಎಂದೆ. ಸೌಂಡಿನವನು ಯಾರನ್ನೂ ಕೇಳದೆ ಅದನ್ನೇ ಕಾಯಂ ಮಾಡಿ ಇಟ್ಟ.

ಏನು ಹೇಳಿದೆ ಎಂದು ಬರೆಯುವುದಿಲ್ಲ. ಇದು ಅಪ್ಪನ ಬಾಯಿಗೆ ತುರುಕಿದ್ದಲ್ಲ, ಆ ಮೂಗಪ್ಪನ ಬಾಯಿಗೆ. ಬುಧವಾರ ಆರೂವರೆಗೆ ನರ್ಸಮ್ಮನ ಮನೆಯಲ್ಲಿ ಕೂತು ಕೇಳು. ಯಾವತ್ತೋ ಯಂತ್ರದ ಸದ್ದಿನಲ್ಲಿ ಹೋದದ್ದು ಒಂದು ಸಲ ನಿನ್ನ ಕಿವಿಗೆ ಬೀಳಲಿ. ನನ್ನ ಕೈಲಾದದ್ದು ಇಷ್ಟೇ.

ನಿನ್ನ ಮಗ


ಆಗಸ್ಟ್ ೨೮

ಮರಿ,

ನಿನ್ನೆ ಮಧ್ಯಾಹ್ನವೇ ಅಂಗಡಿ ಮುಚ್ಚಿದೆ. ತಲೆ ಬಾಚಿಕೊಂಡೆ, ಒಳ್ಳೆಯ ಸೀರೆ ಉಟ್ಟೆ. ನರ್ಸಮ್ಮನಿಗೆ ಎಲ್ಲವನ್ನೂ ಹೇಳಿದೆ, ದನಿ ನಿನ್ನದು ಎನ್ನುವುದನ್ನೂ. ಅವರು ನನ್ನ ಕೈ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಟಿವಿ ಸದ್ದನ್ನು ಕೊನೆಯವರೆಗೂ ಏರಿಸಿದರು. ಆರೂವರೆಯಾಯಿತು. ಹಾಡಿನ ಸ್ಪರ್ಧೆ ಶುರುವಾಯಿತು.

ಚಾನೆಲ್ ತಪ್ಪಿತೇನೋ ಎಂದು ನರ್ಸಮ್ಮ ಎಲ್ಲವನ್ನೂ ಒತ್ತಿ ನೋಡಿದರು. ಆಮೇಲೆ ಪರದೆಯ ಕೆಳಗೆ ಒಂದು ಸಾಲು ಓಡಿತು, ಆಚೆ ಠಾಣೆ ಹಿಂದಿನ ವಾರಕ್ಕೇ ಮುಗಿದಿದೆ ಎಂದು. ಮುಗಿಸುವುದನ್ನೂ ಮುಗಿಸಲು ಬಿಡಲಿಲ್ಲ ಆ ಮಹಾನುಭಾವರು. ನಿನಗೂ ಹೇಳಿರಲಿಕ್ಕಿಲ್ಲ. ಯಾರೋ ಹುಡುಗಿ ಹಾಡುತ್ತಿದ್ದಳು, ನಾನು ಒಳ್ಳೆಯ ಸೀರೆ ಉಟ್ಟು ಅದನ್ನೇ ನೋಡುತ್ತ ಕೂತಿದ್ದೆ. ನಿಮ್ಮಪ್ಪ ಎರಡನೆಯ ಸಲವೂ ಬಾಗಿಲಲ್ಲಿ ಮಾತಾಡಿ ಹೋದರು, ಎರಡನೆಯ ಸಲವೂ ನನಗೆ ಕೇಳಿಸಲಿಲ್ಲ.

ಮನೆಗೆ ಬಂದು ದೀಪ ಹಾಕಿ ಕೂತೆ. ನೀನು ಏನು ಹೇಳಿದ್ದೀಯ ಎಂದು ನನಗೆ ಗೊತ್ತು, ನಾನೇನು ಪೆದ್ದಿಯೇ? ಆದರೆ ಕಾಗದದಲ್ಲಿ ಗೊತ್ತಾಗುವುದು ಬೇರೆ.

ಇನ್ನೊಂದು ಸಂಗತಿ. ಅದರ ಹಿಂದಿನ ಬುಧವಾರ, ಅಂದರೆ ಕಡೆಗೆ ಬಂದ ಕಂತಿನಲ್ಲಿ, ಆ ಇನ್‌ಸ್ಪೆಕ್ಟರ್ ಒಬ್ಬ ಮುದುಕಿಯ ಹತ್ತಿರ ಮಾತಾಡುವಾಗ ಒಂದು ಕಡೆ ನಿನ್ನ ಸೌಂಡಿನವನ ಕತ್ತರಿ ತಪ್ಪಿದೆ. ಮಾತಿಗೆ ಮುಂಚೆ ಸಣ್ಣ ಉಸಿರೊಂದು ಉಳಿದುಕೊಂಡಿದೆ. ನನಗೆ ಅದು ಕೇಳಿಸಿತು. ಚಿಕ್ಕವನಿದ್ದಾಗ ಶಾಲೆಯಿಂದ ಬಂದು ಏನಾದರೂ ಹೇಳುವ ಮೊದಲು ನೀನು ಹಾಗೇ ಉಸಿರು ಎಳೆದುಕೊಳ್ಳುತ್ತಿದ್ದೆ. ನಿಮ್ಮಪ್ಪ ಎಂದೂ ಹಾಗೆ ಮಾಡಿದವರಲ್ಲ, ಅವರದು ಥಟ್ಟನೆ ಬರುವ ಮಾತು. ಇಷ್ಟು ವರ್ಷ ನಾನು ಅವರ ದನಿ ಎಂದು ಹೆದರಿ ನಿನ್ನ ಬಾಯಿ ಮುಚ್ಚಿಸಿದೆನಲ್ಲ, ಆ ದನಿಯಲ್ಲಿ ನೀನು ಉಸಿರಾಡುತ್ತಲೇ ಇದ್ದೆ.

ಇದಕ್ಕೆ ಉತ್ತರ ಬರೆಯಬೇಡ. ಬಾ. ಬರೆಯುವಾಗಲೇ ಹೇಳಿ ನೋಡಿಕೊಂಡೆ, ಈ ಮಾತಿಗೂ ತುಟಿ ಕೂಡುತ್ತದೆ.

ಬಂದಾಗ ಬೆಲ್ ಒತ್ತಬೇಡ. ಬಾಗಿಲಲ್ಲಿ ನಿಂತು ಬಾಯಿ ತುಂಬ ಕೂಗು. ಟವೆಲ್ ಕೊಡು ಎಂದು ಕೂಗಿದರೂ ಸರಿಯೇ. ಆ ಇನ್ನೊಂದು ಮಾತನ್ನು ಆಮೇಲೆ ಹೇಳು. ನಿನ್ನನ್ನು ಒಳಗೆ ಕರೆದುಕೊಂಡು ನಾನು ಬಾಗಿಲು ಹಾಕಿಕೊಳ್ಳುತ್ತೇನೆ.

ಯಂತ್ರ ನಿಲ್ಲಿಸಿರುತ್ತೇನೆ.

ನಿನ್ನ ಅಮ್ಮ